ಪಗಾರದ ಚೀಟಿಯ ಇನ್ನೂರು ರೂಪಾಯಿ ಮತ್ತು ಹಳ್ಳಿಯ ಕಾಮಗಾರಿ
(ಸಂಘದ ಉಪನ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ನಾಡಹಬ್ಬದ ಸಂದರ್ಭದಲ್ಲಿ ನಾಡು ನುಡಿಗಳ ಹಿರಿಮೆಯನ್ನು ಕುರಿತು ಮಾತನಾಡುವುದು ವಾಡಿಕೆ. ಅದನ್ನು ನಮಗಿಂತ ಚೆನ್ನಾಗಿ ಬಲ್ಲವರು ಈ ವೇದಿಕೆಯಿಂದ ಹೇಳುತ್ತ ಬಂದಿದ್ದಾರೆ, ಮುಂದೆಯೂ ಹೇಳುವರು. ನಾವು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಜಮಾ-ಖರ್ಚು ಬರೆಯುವವರು. ಕಲಿತದ್ದು ವಾಣಿಜ್ಯಶಾಸ್ತ್ರ, ಬಲ್ಲದ್ದು ಲೆಕ್ಕ. ಆದುದರಿಂದ ಕಾರ್ಯದರ್ಶಿಗಳು 'ಸರಕಾರದ ಗ್ರಾಮಾಭಿವೃದ್ಧಿ ಯೋಜನೆಗಳು ಮತ್ತು ಲೋಕೋಪಯೋಗಿ ಕಾಮಗಾರಿಗಳು' ಎಂಬ ದೊಡ್ಡ ವಿಷಯವನ್ನು ನಮ್ಮ ಪಾಲಿಗೆ ಒಪ್ಪಿಸಿದಾಗ, ಅದನ್ನು ಲೆಕ್ಕದ ಒಂದು ಸಣ್ಣ ಸಾಲಿನಿಂದಲೇ ಪ್ರಾರಂಭಿಸುವುದು ಲೇಸೆಂದು ತೋರಿತು.

ಆ ಸಾಲು ಇಲ್ಲಿ ಕುಳಿತಿರುವ ಪಗಾರದಾರರಲ್ಲಿ ಬಹುಮಂದಿಯ ಪಗಾರದ ಚೀಟಿಯಲ್ಲಿ ಇದೆ. ಪ್ರಾವಿಡೆಂಟ್ ಫಂಡು, ಆದಾಯ ತೆರಿಗೆ ಇವುಗಳ ಆಚೀಚೆ 'ಪ್ರೊಫೆಶನ್ ಟ್ಯಾಕ್ಸ್' ಎಂದು ಬರೆದಿರುತ್ತದೆ. ಕನ್ನಡದಲ್ಲಿ ವೃತ್ತಿ ತೆರಿಗೆ. ಮಹಾರಾಷ್ಟ್ರದಲ್ಲಿ ತಿಂಗಳಿಗೆ 10,000 ರೂಪಾಯಿ ಮೀರಿ ಪಗಾರವುಳ್ಳ ಗಂಡಸರಿಗೆ ತಿಂಗಳಿಗೆ 200 ರೂಪಾಯಿ. ಫೆಬ್ರುವರಿಯಲ್ಲಿ ಮಾತ್ರ 300. ಹೆಣ್ಣುಮಕ್ಕಳಿಗೆ 2023ರ ಏಪ್ರಿಲಿನಿಂದ 25,000 ರೂಪಾಯಿಯವರೆಗೆ ಮಾಫಿಯುಂಟು. ಫೆಬ್ರುವರಿಯಲ್ಲಿ ನೂರು ರೂಪಾಯಿ ಹೆಚ್ಚೇಕೆಂದು ಹಲವರು ನಮ್ಮನ್ನು ಕೇಳಿದ್ದಾರೆ. ಕಾರಣ ಸುಲಭವಾದುದು. ಸಂವಿಧಾನದ 276ನೆಯ ವಿಧಿಯು ಈ ತೆರಿಗೆಗೆ ಒಂದು ಮಿತಿಯನ್ನು ಹಾಕಿದೆ. ಮೊದಲು ಅದು ವರ್ಷಕ್ಕೆ 250 ರೂಪಾಯಿ ಇತ್ತು. 1988ರ ತಿದ್ದುಪಡಿಯಿಂದ 2,500 ಆಯಿತು. ತಿಂಗಳಿಗೆ 200ರಂತೆ ಹನ್ನೆರಡು ತಿಂಗಳಿಗೆ 2,400 ಆಗುತ್ತದೆ. ಮಿತಿ ಮುಟ್ಟಲು ನೂರು ಉಳಿಯಿತು. ಆ ನೂರನ್ನು ಸರಕಾರ ಬಿಡಲಿಲ್ಲ. ಆರ್ಥಿಕ ವರ್ಷ ಮುಗಿಯುವ ಮುಂಚೆ ಫೆಬ್ರುವರಿಯಲ್ಲಿ ಹಿಡಿದುಕೊಂಡಿತು.

ಇಷ್ಟೇ ಆಗಿದ್ದರೆ ಇದೊಂದು ಕಚೇರಿಯ ಸುದ್ದಿಯಾಗುತ್ತಿತ್ತು. ಆದರೆ 1975ರಲ್ಲಿ ಮಹಾರಾಷ್ಟ್ರ ಸರಕಾರ ಈ ತೆರಿಗೆಯನ್ನು ಹೂಡಿದ್ದು ಯಾತಕ್ಕಾಗಿ ಎಂಬುದು ಬಹುಜನರಿಗೆ ತಿಳಿಯದು. ಹಳ್ಳಿಯಲ್ಲಿ ಕೆಲಸವಿಲ್ಲದೆ ಕುಳಿತವನಿಗೆ ಕೆಲಸ ಕೊಡುವ ಖರ್ಚಿಗಾಗಿ ಇದನ್ನು ಹೂಡಿದರು. ಪಟ್ಟಣದಲ್ಲಿ ಖಾಯಂ ಪಗಾರವುಳ್ಳವನು ಹಳ್ಳಿಯ ಕೂಲಿಕಾರನ ಕೂಲಿಗೆ ತನ್ನದೊಂದು ಪಾಲು ಕೊಡಲಿ ಎಂಬುದು ಅದರ ಮೂಲ ಉದ್ದೇಶ. ಊರು ಬಿಟ್ಟು ಪಟ್ಟಣಕ್ಕೆ ಬಂದ ನಮ್ಮಂಥವರಿಗೂ ಊರಲ್ಲಿಯೇ ಉಳಿದ ನಮ್ಮ ಅಣ್ಣತಮ್ಮಂದಿರಿಗೂ ನಡುವೆ ಸರಕಾರವೇ ಕಟ್ಟಿದ ಒಂದು ಸೇತುವೆ ಇದೆನ್ನಬಹುದು. ಆ ಸೇತುವೆಯ ಕಥೆಯನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ನಮ್ಮ ಭೋಸರಿಯನ್ನೇ ನೋಡಿರಿ. ಪುಣೆ-ನಾಸಿಕ ರಸ್ತೆಯ ಮೇಲಿನ ಒಂದು ಒಕ್ಕಲುತನದ ಹಳ್ಳಿಯಾಗಿತ್ತು ಇದು. 1962ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ಮಹಾಮಂಡಳ, ಅಂದರೆ ನಾವೆಲ್ಲ 'ಎಂ.ಐ.ಡಿ.ಸಿ.' ಎನ್ನುವ ಸಂಸ್ಥೆ, ಸ್ಥಾಪನೆಯಾಯಿತು. ಅದು ಹೊಲಗಳನ್ನು ಕೊಂಡು, ರಸ್ತೆ ಹಾಕಿ, ನೀರು ವಿದ್ಯುತ್ತುಗಳನ್ನು ತಂದು, ಪ್ಲಾಟುಗಳನ್ನು ಮಾಡಿ ಕಾರಖಾನೆಗಳಿಗೆ ಹಂಚಿತು. ಕಾರಖಾನೆ ಬಂದ ಮೇಲೆ ಕೆಲಸ ಬಂತು. ಕೆಲಸ ಬಂದ ಮೇಲೆ ಜನ ಬಂದರು. 1982ರಲ್ಲಿ ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆಯಾಯಿತು. ಬೀದರ, ಕಲಬುರ್ಗಿ, ವಿಜಯಪುರ, ಬೆಳಗಾವಿ ಕಡೆಯ ನಮ್ಮ ಜನ ಲೇಥು ತಿರುಗಿಸಲಿಕ್ಕೆ, ಗೋಡೆ ಕಟ್ಟಲಿಕ್ಕೆ, ಲೆಕ್ಕ ಬರೆಯಲಿಕ್ಕೆ ಇಲ್ಲಿಗೆ ಬಂದರು. ಎಂದರೆ ನಾವು ಇಲ್ಲಿರುವುದೇ ಒಂದು ರಾಜ್ಯ ಸರಕಾರದ ಯೋಜನೆಯ ಫಲ.

ಆದರೆ ಯೋಜನೆಗಳಲ್ಲಿ ಎರಡು ಬಗೆ. ಒಂದು, ಕೆಲಸವಿದ್ದಲ್ಲಿಗೆ ಜನರನ್ನು ತರುವುದು. ಇನ್ನೊಂದು, ಜನರಿದ್ದಲ್ಲಿಗೆ ಕೆಲಸವನ್ನು ಒಯ್ಯುವುದು. ಭೋಸರಿ ಮೊದಲ ಬಗೆಯದು. ಎರಡನೆಯದು ಬಹಳ ಕಠಿಣ. ಮಳೆ ಕೈಕೊಟ್ಟ ವರ್ಷ ನಮ್ಮ ಬಯಲುಸೀಮೆಯ ಹಳ್ಳಿಯಲ್ಲಿ ಹಿಂಗಾರಿ ಬಿತ್ತಿಗೆಯಾದ ನಂತರ ಕೂಲಿಯಿಲ್ಲ. ಮನೆಗೆ ಕೀಲಿ ಹಾಕಿ, ಮುದುಕರನ್ನು ಜಗಲಿಯ ಮೇಲೆ ಕೂಡ್ರಿಸಿ, ಮಕ್ಕಳ ಶಾಲೆ ಬಿಡಿಸಿ ಹೊರಡುವುದಕ್ಕೆ ನಮ್ಮ ಭಾಷೆಯಲ್ಲಿ 'ಗುಳೆ' ಎಂಬ ಪ್ರತ್ಯೇಕ ಶಬ್ದವೇ ಇದೆ. ಒಂದು ಸಂಕಟಕ್ಕೆ ಭಾಷೆಯಲ್ಲಿ ಸ್ವಂತ ಶಬ್ದ ಹುಟ್ಟಬೇಕಾದರೆ ಅದು ಎಷ್ಟು ತಲೆಮಾರು ನಡೆದಿರಬೇಕೆಂಬುದನ್ನು ನೀವೇ ಊಹಿಸಿರಿ. ಉತ್ತಮ ಕೆಲಸವನ್ನು ಅರಸಿ ತಾನಾಗಿ ಬರುವುದು ಬೇರೆ, ಒಲೆ ಹೊತ್ತದೆ ಗುಳೆ ಏಳುವುದು ಬೇರೆ. ಮೊದಲನೆಯದನ್ನು ತಡೆಯಬೇಕಾದ್ದಿಲ್ಲ. ಎರಡನೆಯದನ್ನು ತಡೆಯುವುದು ಸರಕಾರದ ಧರ್ಮ.

ಬರಗಾಲದಲ್ಲಿ ಕಾಮಗಾರಿ ತೆರೆಯುವ ಪದ್ಧತಿ ಹೊಸದೇನಲ್ಲ. ಪುಣೆಯಿಂದ ವಿಜಯಪುರಕ್ಕೆ ರೈಲಿನಲ್ಲಿ ಹೋಗುವವರಿಗೆ ಸೋಲಾಪುರದಾಚೆಯ ಹೊಟಗಿ ಜಂಕ್ಷನ್ ಪರಿಚಿತವಾಗಿದೆ. ಅಲ್ಲಿಂದ ವಿಜಯಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹೋಗುವ ಮಾರ್ಗವು 1884ರಲ್ಲಿ ತೆರೆಯಿತು. 1876–78ರ ಮಹಾಕ್ಷಾಮದಲ್ಲಿ ಜನ ಹುಳುಗಳಂತೆ ಸತ್ತ ಮೇಲೆ, ಮುಂದಿನ ಬರದಲ್ಲಿ ಕಾಳು ಸಾಗಿಸಲು ಅನುಕೂಲವಾಗಲೆಂದು ಹಾಕಿದ ಮಾರ್ಗಗಳಲ್ಲಿ ಅದೂ ಒಂದು. ಆಮೇಲೆ ಬ್ರಿಟಿಷ್ ಸರಕಾರ ಕ್ಷಾಮ ಸಂಹಿತೆಗಳನ್ನು ರಚಿಸಿತು. ಬರವೆಂದು ಸರಕಾರ ಸಾರಿದ ಮೇಲೆ ಕಲ್ಲು ಒಡೆಯುವ, ಮಣ್ಣು ಹೊರುವ ಕೆಲಸ ತೆರೆಯಬೇಕು, ಬದುಕಿಕೊಳ್ಳುವಷ್ಟು ಕೂಲಿ ಕೊಡಬೇಕು. ಆದರೆ ಬರ ಬಂದಿದೆಯೋ ಇಲ್ಲವೋ ಎಂದು ಹೇಳುವವನು ಕಲೆಕ್ಟರ್ ಸಾಹೇಬ, ಹಸಿದವನಲ್ಲ. ಕೆಲಸ ಸಿಕ್ಕರೆ ಅದು ಸರಕಾರದ ದಯೆ. ಸಿಗದಿದ್ದರೆ ಕೇಳುವ ದಾರಿಯಿಲ್ಲ.

ಈ ದಯೆಯನ್ನು ಹಕ್ಕನ್ನಾಗಿ ಮಾಡಬೇಕೆಂದು ಪಟ್ಟು ಹಿಡಿದವರು ವಿ. ಸ. ಪಾಗೆ. ಬಹುಕಾಲ ಮಹಾರಾಷ್ಟ್ರದ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ಇವರು ಸಾಂಗ್ಲಿ ಜಿಲ್ಲೆಯವರು. ಕನ್ನಡ ಮಾತಾಡುವ ಹಳ್ಳಿಗಳಿರುವ ಜತ್ತ ತಾಲೂಕು ಅದೇ ಜಿಲ್ಲೆಯದು. ಆ ಸೀಮೆಯ ಒಣನೆಲ ಹೇಗಿದೆ ಎಂಬುದನ್ನು ನಮ್ಮಲ್ಲಿಯ ಜತ್ತದ ಬಂಧುಗಳನ್ನು ಕೇಳಿದರೆ ಸಾಕು. 1965ರ ಸುಮಾರಿಗೆ ಅದೇ ಜಿಲ್ಲೆಯ ತಾಸಗಾಂವ ತಾಲೂಕಿನಲ್ಲಿ, ಕೆಲಸ ಬೇಡಿದವರಿಗೆ ಊರ ಸಮೀಪದಲ್ಲಿಯೇ ಕೆಲಸ ಕೊಡುವ ಒಂದು ಚಿಕ್ಕ ಪ್ರಯೋಗ ನಡೆಯಿತು. ಇತ್ತ ನಮ್ಮ ಪುಣೆಯಲ್ಲಿಯೇ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಯ ವಿ. ಎಂ. ದಾಂಡೇಕರ ಹಾಗೂ ನೀಲಕಂಠ ರಥ ಎಂಬ ವಿದ್ವಾಂಸರು ದೇಶದ ಬಡತನವನ್ನು ಅಭ್ಯಸಿಸಿ, 1971ರಲ್ಲಿ ತಮ್ಮ ಬರಹವನ್ನು ಪ್ರಕಟಿಸಿದರು. ದೇಶದ ಉತ್ಪನ್ನ ಬೆಳೆದರೂ ಅದು ತಾನಾಗಿ ಕೆಳಗಿನವರನ್ನು ಮುಟ್ಟುವುದಿಲ್ಲ, ಬಡವನ ಕೈಗೆ ಕೆಲಸ ಕೊಡುವ ಸಾರ್ವಜನಿಕ ಕಾಮಗಾರಿಗಳೇ ಬೇಕು ಎಂಬುದು ಅವರ ತೀರ್ಮಾನದ ಸಾರ.

ಈ ವಿಚಾರ ಕಾಗದದ ಮೇಲೆ ಇರುವಾಗಲೇ ಬರ ಬಂದೆರಗಿತು. 1970ರಿಂದ 1973ರವರೆಗಿನ ಆ ಬರವನ್ನು ಕಂಡ ಹಿರಿಯರು ಈ ಸಭೆಯಲ್ಲಿರಬಹುದು. ಅದರಲ್ಲೂ 1972ರದು ಭಯಂಕರ. ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆ ಅಕ್ಷರಶಃ ನಿಜವಾಯಿತು. ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ, ಕಾಮಗಾರಿಯ ಮೇಲೆ ಹಂಚುತ್ತಿದ್ದ ಸುಕಡಿ ಇವು ಇಂದಿಗೂ ಇಲ್ಲಿಯ ಹಳ್ಳಿಗರ ಬಾಯಲ್ಲಿವೆ. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಪರಿಹಾರ ಕಾಮಗಾರಿಗಳ ಮೇಲೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. 1971ರ ಜನಗಣತಿಯಂತೆ ರಾಜ್ಯದ ಒಟ್ಟು ಜನಸಂಖ್ಯೆ ಸುಮಾರು 5 ಕೋಟಿ. ಮಕ್ಕಳು ಮುದುಕರನ್ನೂ ಹಿಡಿದು ಹತ್ತರಲ್ಲೊಬ್ಬರು ಬುಟ್ಟಿ ಸಲಿಕೆ ಹಿಡಿದಿದ್ದರು. ಬೆಳೆ ಪೂರ್ತಿ ಹಾಳಾಗಿದ್ದರೂ ಹಳೆಯ ಕ್ಷಾಮಗಳಂತೆ ಜನ ಸಾಲುಸಾಲಾಗಿ ಸಾಯಲಿಲ್ಲ. ಕೈಗೆ ಕೂಲಿ ಬಂದುದರಿಂದ ಕೊಂಡು ತಿಂದರು. ಕಾಮಗಾರಿಯ ಬೆಲೆ ಏನೆಂಬುದು ಆ ಬೇಸಗೆಯಲ್ಲಿ ಸಿದ್ಧವಾಯಿತು.

ಉದ್ಯೋಗ ಖಾತ್ರಿ ಯೋಜನೆ, ಮರಾಠಿಯಲ್ಲಿ 'ರೋಜಗಾರ ಹಮಿ ಯೋಜನಾ', 1972ರಲ್ಲಿಯೇ ಘೋಷಿತವಾಗಿತ್ತು. ಆಗ ವಸಂತರಾವ ನಾಯಕರು ಮುಖ್ಯಮಂತ್ರಿಗಳು. ಬರ ತೀರಿದ ಮೇಲೆ ಅದು ನೆಲೆಯೂರಿತು. 1977ರಲ್ಲಿ ವಿಧಾನಮಂಡಲ ಕಾಯಿದೆಯನ್ನು ಅಂಗೀಕರಿಸಿತು. 1979ರ ಜನವರಿ 26ರಿಂದ ಅದು ಜಾರಿಗೆ ಬಂದಿತು. ಅದರ ಮುಖ್ಯ ಮಾತುಗಳು ಇವು. ಹಳ್ಳಿಯ ಯಾವ ಪ್ರಾಯಸ್ಥನೇ ಆಗಲಿ, ಹೆಣ್ಣಾಗಲಿ ಗಂಡಾಗಲಿ, ಮೈಮುರಿದು ದುಡಿಯಲು ಸಿದ್ಧನಿದ್ದು ಕೆಲಸ ಬೇಡಿದರೆ ಹದಿನೈದು ದಿನಗಳಲ್ಲಿ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು. ಹೆಣ್ಣಿಗೂ ಗಂಡಿಗೂ ಒಂದೇ ದರ. ಕೆಲಸವು ಊರಿಗೆ ಉಳಿಯುವಂಥದಿರಬೇಕು: ಬದು, ಇಂಗುಕೆರೆ, ಕಾಲುವೆ, ರಸ್ತೆ. ಖರ್ಚಿನಲ್ಲಿ ನೂರಕ್ಕೆ ಅರವತ್ತರಷ್ಟಾದರೂ ಕೂಲಿಗೇ ಹೋಗಬೇಕು. ಬರ ಬಂದಿದೆಯೆಂದು ಸಾರುವ ಅಗತ್ಯವಿಲ್ಲ. ಕೆಲಸ ಬೇಕೆಂದು ಬೇಡುವವರಿದ್ದರೆ ಅದೇ ಬರದ ಸಾಕ್ಷಿ.

ನಮ್ಮ ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ, ಬ್ಯಾಂಕಿನಲ್ಲಿ ನಿಮ್ಮ ಉಳಿತಾಯ ಖಾತೆ ಇದೆಯಷ್ಟೆ. ಅದರಲ್ಲಿಯ ಹಣ ನೀವು ಕೇಳಿದಾಗ ಕೊಡತಕ್ಕದ್ದು. ನೀವು ಚೆಕ್ಕು ಬರೆದು ಕೌಂಟರಿಗೆ ಬಂದರೆ, 'ಈ ವರ್ಷ ನಮ್ಮಲ್ಲಿ ಅನುದಾನವಿಲ್ಲ, ಬರುವ ವರ್ಷ ನೋಡೋಣ' ಎಂದು ನಾವು ಹೇಳುವಂತಿಲ್ಲ. ಉಳಿದ ಸರಕಾರಿ ಯೋಜನೆಗಳಲ್ಲಿ ಹೆಚ್ಚಿನವು ಸರಕಾರ ತನ್ನ ಇಷ್ಟದಂತೆ, ಅನುದಾನವಿದ್ದಷ್ಟು ಕೊಡುವವು. ಉದ್ಯೋಗ ಖಾತ್ರಿ ಮಾತ್ರ ಕೇಳಿದಾಗ ಕೊಡತಕ್ಕದ್ದು. ಅದರ ವೈಶಿಷ್ಟ್ಯವೆಲ್ಲ ಇದರಲ್ಲಿಯೇ ಇದೆ.

ಕೇಳಿದಾಗ ಕೊಡಬೇಕೆಂದರೆ ತಿಜೋರಿಯಲ್ಲಿ ಹಣವಿರಬೇಕು. ವೃತ್ತಿ ತೆರಿಗೆ ಬಂದದ್ದು ಇದಕ್ಕಾಗಿ. ಅದರೊಡನೆ ಮೋಟಾರು ವಾಹನ, ಮಾರಾಟ ತೆರಿಗೆ, ನೀರಾವರಿ ಜಮೀನು ಮುಂತಾದವುಗಳ ಮೇಲೂ ಹೆಚ್ಚುವರಿ ಕರ ಹಾಕಿದರು. ಹೀಗೆ ಬಂದ ಮೊತ್ತಕ್ಕೆ ಸರಿಸಮನಾದ ಮೊತ್ತವನ್ನು ಸರಕಾರ ತಾನೂ ಸೇರಿಸಿ ಒಂದು ನಿಧಿ ಮಾಡಬೇಕೆಂದು ಕಾಯಿದೆಯಾಯಿತು. ಮುಂಬಯಿ ಪುಣೆಗಳ ಪಗಾರದಾರನ ಹಣ ಹಳ್ಳಿಯ ಇಂಗುಕೆರೆಯ ಮಣ್ಣಾಗಿ ಕುಳಿತಿತು. ಒಂದು ಸಣ್ಣ ಲೆಕ್ಕ ಕೇಳಿರಿ. 2025–26ರಲ್ಲಿ ಮಹಾರಾಷ್ಟ್ರದ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 312 ರೂಪಾಯಿ ಇತ್ತು. ಎಂಟು ದಿನಕ್ಕೆ 2,496. ನಮ್ಮ ಒಂದು ವರ್ಷದ ವೃತ್ತಿ ತೆರಿಗೆ 2,500. ಎಂದರೆ ನಮ್ಮಲ್ಲಿ ಪ್ರತಿಯೊಬ್ಬ ಪಗಾರದಾರನೂ ವರ್ಷಕ್ಕೆ ಒಬ್ಬ ಕೂಲಿಕಾರನ ಎಂಟು ದಿನದ ಕೂಲಿಯಷ್ಟು ಕೊಡುತ್ತಾನೆ. ಈ ಸಭೆಯಲ್ಲಿ ಅಂಥವರು ನೂರು ಜನ ಇದ್ದಾರೆಂದು ಹಿಡಿದರೆ ಎಂಟುನೂರು ದಿನದ ಕೂಲಿ. ಸಣ್ಣದೇನಲ್ಲ.

ಇದರಿಂದ ಆದದ್ದೇನು? ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದನ್ನು ಮೊದಲು ಹೇಳೋಣ. ಬೇಸಗೆಯ ನಾಲ್ಕು ತಿಂಗಳು ಕೂಲಿ ಸಿಗುವಂತಾಯಿತು. ಮನೆ ಮಕ್ಕಳನ್ನು ಬಿಟ್ಟು ದೂರ ಹೋಗಲಾರದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾಮಗಾರಿಗೆ ಬಂದರು. ಗಂಡಸಿನಷ್ಟೇ ಕೂಲಿಯನ್ನು ತಮ್ಮ ಕೈಯಿಂದ ಎಣಿಸಿಕೊಂಡರು. ಸರಕಾರದ ಕೂಲಿ ಇದೆಯೆಂದಾದ ಮೇಲೆ ಊರ ಗೌಡನೂ ತನ್ನ ಹೊಲದ ಕೂಲಿಯನ್ನು ಏರಿಸಬೇಕಾಯಿತು. 1990ರಿಂದ ಸಣ್ಣ ರೈತರ ಹೊಲದಲ್ಲಿ ಹಣ್ಣಿನ ಗಿಡ ನೆಡುವುದನ್ನೂ ಇದೇ ಯೋಜನೆಯಲ್ಲಿ ಸೇರಿಸಿದರು. ನಾವು ಇಲ್ಲಿಯ ಮಂಡಿಯಲ್ಲಿ ಕೊಳ್ಳುವ ದಾಳಿಂಬೆ, ಮಾವುಗಳಲ್ಲಿ ಎಷ್ಟೋ ಆ ಗುಂಡಿಗಳಿಂದ ಬಂದವು. ತಾನು ಅಗೆದ ಗುಂಡಿಗೆ ಕೂಲಿಯೂ ಸಿಕ್ಕಿ, ಗಿಡವೂ ತನ್ನದಾದರೆ ರೈತ ಅದನ್ನು ಒಣಗಲು ಬಿಡುವನೇ?

ಕೆಟ್ಟದ್ದೇನೆಂದರೆ, ಯಾರದೂ ಅಲ್ಲದ ಕಾಮಗಾರಿ ಬೇಗನೆ ಹಾಳಾಯಿತು. ಒಡೆದ ಖಡಿ ರಸ್ತೆಯ ಬದಿಗೆ ರಾಶಿಯಾಗಿಯೇ ಉಳಿಯಿತು. ಮಣ್ಣಿನ ರಸ್ತೆ ಒಂದು ಮಳೆಗಾಲಕ್ಕೆ ಕೊಚ್ಚಿಹೋಯಿತು. ಹಾಜರಿ ಪುಸ್ತಕದಲ್ಲಿ ಊರಲ್ಲಿಲ್ಲದವರ ಹೆಸರು, ಕೆಲವೆಡೆ ಲೋಕದಲ್ಲಿಯೇ ಇಲ್ಲದವರ ಹೆಸರು ಸೇರಿದವು. ಅಲ್ಲದೆ ಇನ್ನೊಂದು ವಿಚಿತ್ರವನ್ನು ಅಭ್ಯಾಸಕರು ಎತ್ತಿ ತೋರಿಸಿದ್ದಾರೆ. 1990ರ ದಶಕದಿಂದ ಎಷ್ಟೋ ವರ್ಷ ಈ ಯೋಜನೆಯ ಹೆಸರಿನಲ್ಲಿ ಬಂದ ತೆರಿಗೆಯಷ್ಟು ಹಣ ಕಾಮಗಾರಿಯ ಮೇಲೆ ಖರ್ಚಾಗಲಿಲ್ಲ. ಪಟ್ಟಣದವನು ತಪ್ಪದೆ ಕೊಟ್ಟನು, ಹಳ್ಳಿಯವನಿಗೆ ತಲುಪಲಿಲ್ಲ. ಕೊಡುವವನಿಗೆ ತಾನು ಯಾತಕ್ಕೆ ಕೊಡುತ್ತಿದ್ದೇನೆಂಬುದು ತಿಳಿಯದು, ಪಡೆಯುವವನಿಗೆ ತಾನು ಕೇಳಬಹುದೆಂಬುದು ತಿಳಿಯದು. ಇಬ್ಬರೂ ಮೌನವಾಗಿರುವ ಖಾತೆಯಲ್ಲಿ ಹಣ ಎತ್ತ ಹರಿದರೂ ಕೇಳುವವರಿಲ್ಲ. ಇದು ನಮ್ಮ ಕಸುಬಿನ ಅನುಭವದ ಮಾತು.

ಇನ್ನು ನಮ್ಮ ಕರ್ನಾಟಕದ ಮಾತು. ಮಹಾರಾಷ್ಟ್ರ 'ಯಾರು ಕೊಡಬೇಕು' ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ, ಕರ್ನಾಟಕ 'ಯಾರು ನಿರ್ಧರಿಸಬೇಕು' ಎಂಬುದಕ್ಕೆ ಉತ್ತರ ಹುಡುಕಿತು. ರೋಜಗಾರ ಹಮಿಯಲ್ಲಿ ಕೆರೆ ಎಲ್ಲಿ, ರಸ್ತೆ ಎಲ್ಲಿ ಎಂಬುದು ಕಲೆಕ್ಟರ ಕಚೇರಿಯಲ್ಲಿ, ಇಲಾಖೆಗಳಲ್ಲಿ ನಿರ್ಧಾರವಾಗುತ್ತಿತ್ತು. ಕರ್ನಾಟಕದಲ್ಲಿ ರಾಮಕೃಷ್ಣ ಹೆಗಡೆಯವರ ಸರಕಾರದಲ್ಲಿ ಗ್ರಾಮಾಭಿವೃದ್ಧಿ ಮಂತ್ರಿಗಳಾಗಿದ್ದ ಅಬ್ದುಲ್ ನಜೀರಸಾಬರು 1983ರ ಕಾಯಿದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕೈಗೆ ಅಧಿಕಾರ ಕೊಡಲು ಹೆಣಗಿದರು. 1987ರಲ್ಲಿ ಆ ಚುನಾವಣೆಗಳು ನಡೆದವು. ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿದ್ದರಿಂದ ಜನ ಅವರನ್ನು 'ನೀರ್ ಸಾಬ್' ಎಂದು ಕರೆದರು. ಆದರೆ ನೀರಿಗಿಂತಲೂ ದೊಡ್ಡ ಉಪಕಾರವೆಂದರೆ, ಊರಿಗೆ ಏನು ಬೇಕೆಂಬುದನ್ನು ಊರವರೇ ಹೇಳಲಿ ಎಂದು ಅವರು ನಂಬಿದ್ದು. 1988ರಲ್ಲಿ ಅವರು ತೀರಿಕೊಂಡರು. ಅವರು ತೋರಿದ ದಾರಿ ಉಳಿಯಿತು.

ಮೂರನೆಯ ಪ್ರಶ್ನೆ 'ಲೆಕ್ಕ ಯಾರು ಕೇಳಬೇಕು' ಎಂಬುದು. ಅದಕ್ಕೆ ಉತ್ತರ ರಾಜಸ್ಥಾನದಿಂದ ಬಂತು. 1994ರಿಂದ ಅಲ್ಲಿಯ ಹಳ್ಳಿಗಳಲ್ಲಿ ಮಜದೂರ ಕಿಸಾನ ಶಕ್ತಿ ಸಂಘಟನೆಯವರು ಕಾಮಗಾರಿಗಳ ಹಾಜರಿ ಪಟ್ಟಿಯನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ಹೆಸರು ಓದಿದಾಗ 'ನಾನು ಆ ಕೆಲಸಕ್ಕೇ ಹೋಗಿಲ್ಲ' ಎಂದು ಎದ್ದು ನಿಂತವರು ಎಷ್ಟೋ ಜನ. ಓದು ಬಾರದವರ ಆ ಸಭೆಗಳಿಂದಲೇ ಮಾಹಿತಿ ಹಕ್ಕಿನ ಕೂಗು ಬೆಳೆದು, 2005ರಲ್ಲಿ ದೇಶದ ಕಾಯಿದೆಯಾಯಿತು.

ಅದೇ 2005ರಲ್ಲಿ ಈ ಮೂರು ಧಾರೆಗಳೂ ಒಂದೆಡೆ ಕೂಡಿದವು. ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯಿದೆ ಬಂತು. 2009ರಲ್ಲಿ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ಜನ 'ನರೇಗಾ' ಎಂದರು. ಪ್ರತಿ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸ. 2006ರ ಫೆಬ್ರುವರಿ 2ರಂದು ಮೊದಲು 200 ಜಿಲ್ಲೆಗಳಲ್ಲಿ ಪ್ರಾರಂಭವಾದಾಗ ಕರ್ನಾಟಕದ ಐದು ಜಿಲ್ಲೆಗಳು ಸೇರಿದ್ದವು. ಅವುಗಳಲ್ಲಿ ಬೀದರ, ಕಲಬುರ್ಗಿ, ರಾಯಚೂರು ನಮ್ಮ ಕಡೆಯವು. ಹದಿನೈದು ದಿನದ ಗಡುವು, ನಿರುದ್ಯೋಗ ಭತ್ಯೆ, ಹೆಣ್ಣು ಗಂಡಿಗೆ ಸಮಾನ ಕೂಲಿ ಇವು ಮಹಾರಾಷ್ಟ್ರದ ಕಾಯಿದೆಯ ಕೊಡುಗೆ. ಕಾಮಗಾರಿಯನ್ನು ಗ್ರಾಮಸಭೆ ಆರಿಸುವುದು ಪಂಚಾಯಿತಿ ರಾಜ್ಯದ ಕೊಡುಗೆ. ಸಾಮಾಜಿಕ ಪರಿಶೋಧನೆ ರಾಜಸ್ಥಾನದ ಕೊಡುಗೆ. ಸಾಂಗ್ಲಿ ಜಿಲ್ಲೆಯ ಒಂದು ಒಣತಾಲೂಕಿನಲ್ಲಿ ಮೊಳೆತದ್ದು ನಲವತ್ತು ವರ್ಷಗಳಲ್ಲಿ ಇಡೀ ದೇಶದ ಕಾಯಿದೆಯಾಯಿತು.

ಕಾಲ ನಿಂತಲ್ಲಿ ನಿಲ್ಲುವುದಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ನರೇಗಾ ಕಾಯಿದೆಯ ಸ್ಥಾನದಲ್ಲಿ ಹೊಸದೊಂದು ಕಾಯಿದೆಯನ್ನು ಅಂಗೀಕರಿಸಿತು. ಅದರಲ್ಲಿ 100 ದಿನಕ್ಕೆ ಬದಲು 125 ದಿನ ಎಂದಿದೆ. ಜೊತೆಗೆ ಬಿತ್ತುವ, ಕೊಯ್ಯುವ ಕಾಲದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸುವ ಅವಕಾಶವಿದೆ. ಮೊದಲು ಕೂಲಿಯ ಖರ್ಚನ್ನು ಕೇಂದ್ರವೇ ಹೊರುತ್ತಿತ್ತು. ಹೊಸ ಕಾಯಿದೆಯಲ್ಲಿ ನಮ್ಮಂಥ ರಾಜ್ಯಗಳು ಒಟ್ಟು ಖರ್ಚಿನಲ್ಲಿ ನೂರಕ್ಕೆ 40ರಷ್ಟು ಹಾಕಬೇಕು. ಪ್ರತಿ ರಾಜ್ಯಕ್ಕೆ ಕೊಡುವ ಮೊತ್ತವನ್ನೂ ಕೇಂದ್ರ ಮೊದಲೇ ಗೊತ್ತುಮಾಡುವುದು. ಇದು ಲೇಸೋ ಅಲ್ಲವೋ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಪಕ್ಷಗಳ ವಾದವನ್ನು ಈ ವೇದಿಕೆಗೆ ತರುವುದು ನಮಗೆ ಸಲ್ಲದು. ಆದರೆ ಲೆಕ್ಕದವರಾಗಿ ಒಂದು ಮಾತನ್ನು ಹೇಳಲೇಬೇಕು. ಮೊತ್ತ ಮೊದಲೇ ಗೊತ್ತಾದಲ್ಲಿ, ಕೇಳಿದಾಗ ಕೊಡತಕ್ಕದ್ದೆಂಬ ಮಾತನ್ನು ಉಳಿಸಿಕೊಳ್ಳುವ ಹೊಣೆ ರಾಜ್ಯದ ಬೊಕ್ಕಸದ ಮೇಲೆ ಬೀಳುತ್ತದೆ. ಬೊಕ್ಕಸ ಬಡವಾದ ರಾಜ್ಯದಲ್ಲಿ ಬಡವನ ಹಕ್ಕು ಬಡವಾಗಬಾರದು. ರಾಜ್ಯದ ಹಣವೆಂದರೆ ನಮ್ಮ ತೆರಿಗೆಯ ಹಣ. ಆದುದರಿಂದ ಲೆಕ್ಕ ಕೇಳುವ ಕಾರಣ ಮೊದಲಿಗಿಂತ ಈಗ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಒಂದು ಗಡಿಯ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. 2022ರ ಕೊನೆಯಲ್ಲಿ ಜತ್ತ ತಾಲೂಕಿನ ಕೆಲವು ಹಳ್ಳಿಗಳು ನೀರಿನ ಸಲುವಾಗಿ ಕರ್ನಾಟಕಕ್ಕೆ ಸೇರುವ ಮಾತೆತ್ತಿದ್ದು ನಿಮಗೆ ನೆನಪಿದೆ. ಪತ್ರಿಕೆಗಳಲ್ಲಿ ಅದು ಭಾಷೆಯ ಜಗಳವಾಗಿ ಕಾಣಿಸಿಕೊಂಡಿತು. ಆ ಹಳ್ಳಿಗರು ಕೇಳಿದ್ದು ಮುಖ್ಯವಾಗಿ ನೀರನ್ನು, ಮ್ಹೈಸಾಳ ಏತ ನೀರಾವರಿಯ ಕಾಲುವೆಯನ್ನು. ಬಾಯಾರಿದವನಿಗೆ ನಕಾಶೆಯ ಗೆರೆ ಮುಖ್ಯವಲ್ಲ. ನಾವು ಕನ್ನಡಿಗರೆಂಬ ಅಭಿಮಾನ ಪಡುವಾಗ, ಗಡಿಯ ಎರಡೂ ಬದಿಯ ಒಣಭೂಮಿಯಲ್ಲಿ ಕನ್ನಡ ಮಾತಾಡುವವರಿದ್ದಾರೆ, ಮರಾಠಿ ಮಾತಾಡುವವರೂ ಇದ್ದಾರೆ, ಇಬ್ಬರಿಗೂ ಬೇಸಗೆ ಒಂದೇ ಎಂಬುದನ್ನು ಮರೆಯಬಾರದು.

ಹಾಗಾದರೆ ಭೋಸರಿಯಲ್ಲಿ ಕುಳಿತ ನಾವು ಏನು ಮಾಡಬಲ್ಲೆವು? ಭಾಷಣ ಕೇಳಿ ಚಪ್ಪಾಳೆ ತಟ್ಟಿ ಹೋಗುವುದರಿಂದ ಏನೂ ಆಗುವುದಿಲ್ಲ. ನಮ್ಮ ಸಂಘಕ್ಕೆ ಸಾಧ್ಯವಾದ ನಾಲ್ಕು ಕೆಲಸಗಳನ್ನು ಸೂಚಿಸಬಯಸುತ್ತೇವೆ.

ಮೊದಲನೆಯದು, ಯುಗಾದಿಗೋ ಊರ ಜಾತ್ರೆಗೋ ಹೋದಾಗ ಒಂದು ಗಳಿಗೆ ಗ್ರಾಮಪಂಚಾಯಿತಿಯ ಕಟ್ಟೆಗೂ ಹೋಗಿರಿ. ಊರಿನ ಕಾಮಗಾರಿಗಳ ಪಟ್ಟಿ ಕೇಳಿರಿ. ಇದು ಯಾರ ಅಪ್ಪಣೆಯೂ ಬೇಡದ ನಾಗರಿಕ ಹಕ್ಕು. ಯಾವ ಕೆರೆಯ ಹೂಳು ತೆಗೆದರು, ಎಷ್ಟು ಖರ್ಚು, ಯಾರ ಹೆಸರು ಹಾಜರಿಯಲ್ಲಿದೆ ಎಂದು ಓದಿರಿ. ಬೇರೆ ರಾಜ್ಯದಲ್ಲಿ ದುಡಿಯುತ್ತಿರುವ ನಿಮ್ಮ ತಮ್ಮನ ಹೆಸರೇ ಆ ಪಟ್ಟಿಯಲ್ಲಿದ್ದರೆ ಆಶ್ಚರ್ಯ ಪಡಬೇಡಿರಿ. ಗ್ರಾಮಸಭೆಯಲ್ಲಿ ಶಾಂತವಾಗಿ ಕೇಳಿರಿ.

ಎರಡನೆಯದು, ಮನೆಯವರಿಗೆ ಕೆಲಸ ಬೇಡುವ ಪದ್ಧತಿಯನ್ನು ಕಲಿಸಿರಿ. ಅರ್ಜಿಯನ್ನು ಬರೆದುಕೊಟ್ಟು, ತಾರೀಖು ಹಾಕಿದ ರಸೀದಿ ಪಡೆಯಬೇಕು. ಹದಿನೈದು ದಿನದ ಎಣಿಕೆ ಆ ತಾರೀಖಿನಿಂದಲೇ ಶುರುವಾಗುವುದು. ರಸೀದಿಯಿಲ್ಲದ ಅರ್ಜಿ, ಬ್ಯಾಂಕಿನಲ್ಲಿ ಶಿಕ್ಕೆ ಬೀಳದ ಚಲನಿದ್ದಂತೆ.

ಮೂರನೆಯದು ನಮ್ಮ ಕಸುಬಿಗೆ ಸೇರಿದ್ದು. ಕೂಲಿ ಈಗ ಕೈಗೆ ಬರುವುದಿಲ್ಲ, ಖಾತೆಗೆ ಬರುತ್ತದೆ. 2024ರ ಜನವರಿಯಿಂದ ಆಧಾರ್ ಮೂಲಕವೇ ಕೂಲಿ ಪಾವತಿ ಕಡ್ಡಾಯವಾಯಿತು. ಜಾಬ್ ಕಾರ್ಡಿನಲ್ಲಿ 'ಮಲ್ಲವ್ವ', ಆಧಾರಿನಲ್ಲಿ 'ಮಲ್ಲಮ್ಮ', ಪಾಸ್‌ಬುಕ್ಕಿನಲ್ಲಿ 'ಮಲ್ಲಾಬಾಯಿ' ಎಂದಿದ್ದರೆ ಆ ತಾಯಿ ಬಿಸಿಲಲ್ಲಿ ಬೆವರು ಸುರಿಸಿದ ಕೂಲಿ ದಾರಿಯಲ್ಲಿಯೇ ನಿಂತುಬಿಡುತ್ತದೆ. ಮೂರೂ ಕಡೆ ಹೆಸರು ಒಂದೇ ರೀತಿ ಇದೆಯೇ, ಖಾತೆ ಆಧಾರಿಗೆ ಜೋಡಣೆಯಾಗಿದೆಯೇ, ಬಹುದಿನ ಬಳಸದೆ ಖಾತೆ ಮುಚ್ಚಿದೆಯೇ, ಇಷ್ಟನ್ನು ನೋಡಲು ಅರ್ಧ ದಿನ ಸಾಕು. ಅಕ್ಷರ ಬಲ್ಲ ಮಗ, ಮಗಳು ಊರಿಗೆ ಹೋದಾಗ ತಾಯಿಗೆ ಸೀರೆಯೊಡನೆ ಇದನ್ನೂ ಮಾಡಿಕೊಟ್ಟು ಬರಬೇಕು.

ನಾಲ್ಕನೆಯದು, ಇಲ್ಲಿಯೇ ಇರುವ ನಮ್ಮವರ ವಿಷಯ. ಬೆಳಗಿನ ಹೊತ್ತು ಮಜೂರ ಅಡ್ಡೆಯಲ್ಲಿ ಬುತ್ತಿ ಹಿಡಿದು ನಿಂತವರಲ್ಲಿ ಕನ್ನಡ ಕೇಳಿಬರುತ್ತದೆ. ಪಟ್ಟಣದಲ್ಲಿ ಅವರಿಗೆ ಉದ್ಯೋಗ ಖಾತ್ರಿಯಿಲ್ಲ. ಆದರೆ ಕಟ್ಟಡಗಳ ವೆಚ್ಚದ ಮೇಲೆ ಸೆಸ್ ವಸೂಲು ಮಾಡಿ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡುತ್ತಾರೆ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ಮಕ್ಕಳ ಓದಿಗೆ, ರೋಗರುಜಿನಕ್ಕೆ ಅಲ್ಲಿ ಸಹಾಯವಿದೆ. ಅರ್ಜಿ ಮರಾಠಿಯಲ್ಲಿರುವುದರಿಂದ ಎಷ್ಟೋ ಜನ ಅಂಜಿ ಹಿಂದೆ ಸರಿಯುತ್ತಾರೆ. ಮರಾಠಿ ಚೆನ್ನಾಗಿ ಬಲ್ಲ ನಮ್ಮ ತರುಣ ತರುಣಿಯರು ತಿಂಗಳಿಗೊಂದು ರವಿವಾರ ಎರಡು ತಾಸು ಈ ಸಭಾಗೃಹದಲ್ಲಿ ಕುಳಿತು ಅರ್ಜಿ ತುಂಬಿಕೊಟ್ಟರೆ, ಅದಕ್ಕಿಂತ ದೊಡ್ಡ ರಾಜ್ಯೋತ್ಸವ ಬೇರೊಂದಿಲ್ಲವೆಂದು ನಮ್ಮ ಭಾವನೆ. ಮೊದಲ ರವಿವಾರ ಬರಲು ನಾವು ಸಿದ್ಧರಿದ್ದೇವೆ. ಕಾರ್ಯಕಾರಿ ಮಂಡಳಿಯು ದಿನವನ್ನು ಗೊತ್ತುಮಾಡಬೇಕೆಂದು ವಿನಂತಿ.

1956ರ ನವೆಂಬರ 1ರಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ನಾಡು ಒಂದಾಗುವುದೆಂದರೆ ನಕಾಶೆ ಒಂದಾಗುವುದಷ್ಟೇ ಅಲ್ಲ. ಉಂಡವನಿಗೆ ಹಸಿದವನ ನೆನಪಿರುವುದು, ಊರು ಬಿಟ್ಟವನಿಗೆ ಊರಲ್ಲುಳಿದವನ ಹೊಣೆಯಿರುವುದು ಅದರ ನಿಜವಾದ ಅರ್ಥ. ಸರಕಾರಗಳು ಯೋಜನೆ ಮಾಡುತ್ತವೆ, ಬದಲಿಸುತ್ತವೆ, ಹೆಸರನ್ನೂ ಬದಲಿಸುತ್ತವೆ. ಆದರೆ ಕೇಳುವವರು ಇರುವವರೆಗೆ ಮಾತ್ರ ಯಾವ ಹಕ್ಕೂ ಜೀವಂತವಾಗಿರುತ್ತದೆ. ನಾವು ಕೊಡುವವರೂ ಹೌದು, ನಮ್ಮ ಮನೆಯವರು ಪಡೆಯುವವರೂ ಹೌದು. ಎರಡೂ ಕಡೆಯ ಪುಸ್ತಕ ನಮ್ಮ ಕೈಯಲ್ಲಿಯೇ ಇರುವಾಗ ತಾಳೆ ನೋಡುವ ಕೆಲಸವನ್ನು ಬೇರೆ ಯಾರು ಮಾಡಬೇಕು?

 

ಜಯ ಕರ್ನಾಟಕ.